ಕೇಳುವವರು ಎದ್ದು ಹೋದ ಮೇಲೆ

ಡೇಟಾಬೇಸಿನಿಂದ ಮಾಹಿತಿ ತಂದುಕೊಡಲು ನಾನು ಬರೆದ ಕೋಡ್ ಲೈಬ್ರರಿಗೆ ಬುಧವಾರದವರೆಗೆ ಮಾತ್ರ ಆಯುಸ್ಸಿತ್ತು. ಆನೆಕೊಂಡದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಮ್ಮ ಸಾಫ್ಟ್‌ವೇರ್ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ನಿಂತುಬಿಡುತ್ತಿತ್ತು. ವರದಿಗೆ ಬಂದವರು ಬೆಂಚಿನ ಮೇಲೆ ಕಾಯುತ್ತಿದ್ದರು. ಬುಧವಾರವೂ ನಿಂತರೆ ನಾನು ಎಂಟು ತಿಂಗಳು ಕೂತು ಜಾವಾ ಭಾಷೆಯಲ್ಲಿ ಬರೆದದ್ದನ್ನು ಕಿತ್ತು ಬೇರೆ ಲೈಬ್ರರಿ ಹಾಕುವುದಾಗಿ, ನಿಟ್ಟುವಳ್ಳಿಯ ನಮ್ಮ ಆಫೀಸಿನ ಯಜಮಾನ ಯೋಗರಾಜ್ ಸರ್ ಹೇಳಿದ್ದರು.

ಕಾರಣ ಗೊತ್ತಿತ್ತು. ಡೇಟಾಬೇಸನ್ನು ಏನಾದರೂ ಕೇಳಿದರೆ ಒಂದು ಕನೆಕ್ಷನ್ ತೆರೆದುಕೊಂಡು ಉತ್ತರ ಸಾಲು ಸಾಲಾಗಿ ಬರುತ್ತದೆ. ಓದಿದವರು ಅದನ್ನು ಮುಚ್ಚಬೇಕು. ಇರುವುದು ಹತ್ತೇ ಕನೆಕ್ಷನ್. ನನ್ನ ಲೈಬ್ರರಿ ಬಳಸಿ ಲ್ಯಾಬಿನ ಕಂಪ್ಯೂಟರ್ ಪರದೆಗಳ ಕೋಡ್ ಬರೆಯುವ ನೇತ್ರಾವತಿ ಬೇಕಾದ ಸಾಲು ಸಿಕ್ಕ ಕೂಡಲೇ ಮುಚ್ಚದೆ ಮುಂದಕ್ಕೆ ಹೋಗಿಬಿಡುತ್ತಿದ್ದಳು. ಮುಚ್ಚದವು ಸೇರುತ್ತಾ ಮಧ್ಯಾಹ್ನದ ಹೊತ್ತಿಗೆ ಹತ್ತೂ ತೀರಿ ಎಲ್ಲ ನಿಲ್ಲುತ್ತಿತ್ತು. ಮುಚ್ಚಬೇಕೆಂದು ಬಳಕೆಯ ಸೂಚನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆನಲ್ಲ ಎಂದು ಕೇಳಿದೆ.

“ಬಾಗ್ಲು ನಿಂದು, ಚಿಲಕ ನಾ ಹಾಕ್ಬೇಕೇನೆ ನುಜತ್?” ಎಂದಳು.

ಸಿಟ್ಟು ಬಂತು. ಭಾನುವಾರ ಅಜ್ಜಿಯ ಮನೆಗೆ ಹೊರಟ ಹರಿಹರದ ಬಸ್ಸಿನಲ್ಲೂ ಆ ಮಾತು ನನ್ನ ಪಕ್ಕದಲ್ಲೇ ಕೂತಿತ್ತು.

ನಮ್ಮ ನಾನಿ ಅಮೀನಾಬೀ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಈ ವಯಸ್ಸಿನಲ್ಲೂ ನನಗೆ ಅವಳ ಹತ್ತಿರ ಕತೆ ಬೇಕು. ಮುತ್ತಿನ ಮೊಟ್ಟೆ ಇಡುವ ಹಕ್ಕಿಯನ್ನು ಹುಡುಕಿ ಹೊರಟ ಗಾಣಿಗರ ಹುಡುಗಿಯ ಕತೆ ತೆಗೆದಳು. ನಾನು ಹ್ಞೂಂಗುಟ್ಟುತ್ತಾ ಹೋದೆ. ಹುಡುಗಿ ಹೊಳೆ ದಾಟುವಾಗ ನನ್ನ ಮನಸ್ಸು ಕನೆಕ್ಷನ್‌ಗಳ ಕಡೆ ಜಾರಿತು. ಮತ್ತೆ ಗಮನ ಬಂದಾಗ ಮನೆಯಲ್ಲಿ ಅಕ್ಕಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೇನಾಯಿತು ಎಂದೆ.

“ನಿನ್ ಹ್ಞೂಂ ನಿಂತ್ಹೋತು, ಕತೀನೂ ಮುಚ್ಚಿದೆ ಬೇಟಿ. ಕೇಳೋರು ಎದ್ದ್ ಹೋದ್ಮ್ಯಾಲ ಯಾಕ ತೆರೆದಿಡ್ಲಿ?”

ಉಳಿದ ಕತೆ ಮನಸ್ಸಿನಲ್ಲಿ ತಯಾರಾಗಿತ್ತೇ ಎಂದು ಕೇಳಿದೆ. ಅದು ನನಗೆ ನಿಜವಾಗಿಯೂ ತಿಳಿಯಬೇಕಿತ್ತು.

“ಇಲ್ಲಪ್ಪ. ನೀ ಹ್ಞೂಂ ಅಂದ್ರ ಮುಂದಿಂದು ನಂಗೂ ಕಾಣ್ತೈತೆ.”

ಲೈಬ್ರರಿಯಲ್ಲಿ ನಾನು ಇಷ್ಟು ದಿನ ಇಡೀ ಕತೆಯನ್ನೇ ಕೇಳುವವರ ಕೈಗೆ ಕೊಟ್ಟು, ಮುಗಿದ ಮೇಲೆ ಜೋಪಾನವಾಗಿ ಮುಚ್ಚಿ ಎಂದು ಗೋಗರೆಯುತ್ತಿದ್ದೆ. ಮರುದಿನ ಇಂಟರ್‌ಫೇಸನ್ನು, ಎಂದರೆ ಬೇರೆಯವರ ಕೋಡ್ ಲೈಬ್ರರಿಯೊಡನೆ ಮಾತಾಡುವ ಬಗೆಯನ್ನು, ತಿರುವಿ ಬರೆದೆ. ಉತ್ತರ ಲೈಬ್ರರಿಯ ಬಳಿಯೇ ಇರುತ್ತದೆ. ಅದು ಒಂದು ಸಾಲು ತೋರಿಸುತ್ತದೆ. ಕೇಳುವವರು ಹೌದು ಎಂದರೆ ಮುಂದಿನದು. ಸಾಕು ಎಂದರೂ, ನಡುವೆ ಎಡವಿದರೂ, ಸಾಲು ತೀರಿದರೂ ಲೈಬ್ರರಿ ತಾನೇ ಕನೆಕ್ಷನ್ ಮುಚ್ಚುತ್ತದೆ.

ನೇತ್ರಾವತಿ ಮಂಗಳವಾರವಿಡೀ ಗೊಣಗುತ್ತಾ ತನ್ನ ಪರದೆಗಳನ್ನು ಬದಲಿಸಿದಳು. ಮುಚ್ಚುವ ಆಜ್ಞೆ ಎಲ್ಲಿದೆ ಎಂದು ಎರಡು ಸಲ ಹುಡುಕಿದಳು. ಇಲ್ಲವೇ ಇಲ್ಲ ಎಂದಾಗ ನನ್ನನ್ನು ಅನುಮಾನದಿಂದ ನೋಡಿದಳು. ಉತ್ತರವನ್ನು ಬೇರೆ ಪರದೆಗೆ ಎತ್ತಿಕೊಂಡು ಹೋಗಲು ಇನ್ನು ಆಗುವುದಿಲ್ಲವಲ್ಲ ಎಂದು ತಕರಾರು ತೆಗೆದಳು. ಅದು ನಿಜ. ಬೇಕಾದ ಸಾಲನ್ನು ಅವಳೇ ನಕಲು ಮಾಡಿಕೊಳ್ಳಬೇಕಿತ್ತು.

ಬುಧವಾರ ತೆರೆದ ಕನೆಕ್ಷನ್‌ಗಳ ಸಂಖ್ಯೆ ತೋರಿಸುವ ಪರದೆಯ ಮುಂದೆ ಮೂವರೂ ಕೂತೆವು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಆರು. ಹನ್ನೆರಡು ಹೊಡೆದಾಗ ಒಂಬತ್ತು. ಯೋಗರಾಜ್ ಸರ್ ನನ್ನ ಕಡೆ ನೋಡಲಿಲ್ಲ. ಆಮೇಲೆ ನಾಲ್ಕು. ಮತ್ತೆ ಏಳು, ಎರಡು.

ಹನ್ನೆರಡೂ ಕಾಲಿಗೆ ಲ್ಯಾಬಿನಿಂದ ಫೋನು ಬಂತು. ನೇತ್ರಾವತಿ ಕೇಳಿಸಿಕೊಂಡು ರಿಸೀವರಿಗೆ ಅಂಗೈ ಅಡ್ಡ ಹಿಡಿದಳು. ವರದಿಗಳು ಒಂದೇ ಸಮನೆ ಬಂದು ಪ್ರಿಂಟರಿನ ಕಾಗದ ಮುಗಿದಿದೆಯಂತೆ, ನಮ್ಮಲ್ಲಿ ಇದೆಯೇ ಎಂದು ಕೇಳುತ್ತಿದ್ದಾರೆ ಎಂದಳು.

“ಎರಡ್ ಕಟ್ಟು ಕಳಿಸ್ರಿ,” ಎಂದು ಯೋಗರಾಜ್ ಸರ್ ಎದ್ದರು. “ಲೈಬ್ರರಿ ನುಜತ್ ಬರ್ದದ್ದೇ ಇರ್ಲಿ.”