ಕಿವಿಯ ಗುರುತು

“ಅಲ್ಲಿ ಕಟ್ಟಬ್ಯಾಡ್ರೋ, ಎಮ್ಮಿ ಬೆದರತಾವ!” ರಾಯವ್ವ ಕೂಗಿದಳು.

ಹುಕ್ಕೇರಿಯ ಕಾಲೇಜಿನಿಂದ ಟೆಂಪೊದಲ್ಲಿ ಬಂದಿಳಿದ ವಿದ್ಯಾರ್ಥಿಗಳು ಬೇವಿನ ಮರಕ್ಕೆ ಫ್ಲೆಕ್ಸ್ ಬಿಗಿಯುತ್ತಿದ್ದರು. ‘ಸತ್ಯವನ್ನು ಕಲಿಸಿದ ಗುರುವಿಗೆ’ ಎಂದು ಬರೆದಿತ್ತು. ಅದರಲ್ಲಿ ಯಲ್ಲೇಶ ಮೈಕ್ ಹಿಡಿದು ನಗುತ್ತಿದ್ದ. ಅಂಗಳದಲ್ಲಿ ಅದೇ ಯಲ್ಲೇಶನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಭಂಡಾರದ ಅರಿಸಿನ, ಹೆಗಲಿಗೆ ಕರಿ ಕಂಬಳಿ.

ಕಸ್ತೂರಿ ಎರಡನ್ನೂ ನೋಡಿದಳು. ಯಾವುದೂ ಗಂಡನಂತೆ ಕಾಣಲಿಲ್ಲ. ನಿನ್ನೆ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಹೋದವನಿಗೆ ಮೂವತ್ತಾರು ವರ್ಷ.

“ಫೋಟೊದಾಗ ನಗಿ ಛಲೋ ಬಂದೈತಿ,” ಯಲ್ಲೇಶನ ಸೋದರತ್ತೆ ರಾಯವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಮನ್ಯಾಗ ಒಂದ್ ದಿನ ಹಿಂಗ ನಗಲಿಲ್ಲ ನೋಡ ಈ ಹುಡುಗ. ಮಂದಿ ಮುಂದ ಅಷ್ಟ.”

ಒಬ್ಬ ಹುಡುಗಿ ಬಂದು ಯಲ್ಲೇಶನ ಅಪ್ಪ, ಮುದುಕ ಕಲ್ಲಪ್ಪನ ಕಾಲು ಮುಟ್ಟಿದಳು.

“ಅಜ್ಜಾರ, ನಾ ಐಶ್ವರ್ಯ. ಸರ್ ಯುನಿವರ್ಸಿಟಿ ಉಪನ್ಯಾಸದಾಗ ನಿಮ್ಮ ಬಗ್ಗೆ ಹೇಳಿದ್ದ ಕೇಳಿ ನಾ ಪರೀಕ್ಷಾಕ್ಕ ಚೀಟಿ ಒಯ್ಯೂದು ಬಿಟ್ಟೀನ್ರಿ.”

“ಏನ್ ಹೇಳಿದ್ನವಾ ನನ್ನ ಬಗ್ಗೆ?”

“ಕುರಿ ಕತಿರಿ. ಕೌಜಲಗಿಯವರ ಕುರಿ ನಿಮ್ಮ ಹಿಂಡಿನಾಗ ಸೇರಿತ್ತಂತ. ಕಿವಿ ಮ್ಯಾಲ ಕೊಯ್ದ ಅವರ ಗುರುತು ನೋಡಿ, ಮಳ್ಯಾಗ ಅದನ್ನ ಹೊತ್ಕೊಂಡು ನಡದು ಹೋಗಿ ಕೊಟ್ಟು ಬಂದ್ರಂತ. ‘ಸತ್ಯ ಅಂದ್ರ ನಮ್ಮಪ್ಪನ ಹೆಗಲು’ ಅಂತಿದ್ರು ಸರ್.”

ಕಲ್ಲಪ್ಪ ಸೊಸೆಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಇವಳಿಗೆ ಗೊತ್ತಿದೆ ಎಂಬುದು ಅವನಿಗೆ ಆಗ ಗೊತ್ತಾಯಿತು.

*

ಹೋದ ವರ್ಷ ಆ ಉಪನ್ಯಾಸಕ್ಕೆ ಕಸ್ತೂರಿಯೂ ಹೋಗಿದ್ದಳು. ಕತೆ ಮುಗಿದಾಗ ಇಡೀ ಸಭೆ ಎದ್ದು ನಿಂತಿತ್ತು. ಗೋಕಾಕಕ್ಕೆ ತಿರುಗಿ ಬರುವ ಬಸ್ಸಿನಲ್ಲಿ, “ಆ ಕೌಜಲಗಿಯವರ ಮನಿಗಿ ಒಮ್ಮೆ ಹೋಗಿಬರೂಣ್ರಿ,” ಅಂದಳು.

ಯಲ್ಲೇಶ ಕಿಟಕಿಯ ಗಾಜು ಸರಿಸಿದ.

“ಅಪ್ಪ ಕುರಿ ಕೊಡಲಿಲ್ಲ ಕಸ್ತೂರಿ. ಅವರ ಗುರುತು ಅಳಿಸಿ ನಮ್ಮ ಗುರುತು ಬರೂಹಂಗ ಕಿವಿ ಕೊಯ್ದ. ಅದರ ಕಾಲು ಹಿಡದಾಂವ ನಾ. ಏಳು ವರ್ಷದಾಂವ ಇದ್ನಿ. ಮರುದಿನ ಕೌಜಲಗಿ ಮುದುಕ ಹುಡುಕ್ಕೋತ ಬಂದು ನನ್ನ ಕೇಳಿದ, ‘ನಮ್ಮ ಕುರಿ ನೋಡಿದಿ ಏನೋ ತಮ್ಮಾ?’ ಇಲ್ಲ ಅಂದ್ನಿ.”

“ಮತ್ತ ಮಂದಿಗಿ ಹಿಂಗ್ಯಾಕ ಹೇಳ್ತೀರಿ?”

“ಮೊದಲನೇ ಸಲ ಖರೇನ ಹೇಳಬೇಕಂತ ನಿಂತಿದ್ನಿ. ಹುಡುಗರ ಮಾರಿ ನೋಡಿದ್ನಿ. ಕತ್ಯಾಗ ಕುರಿ ತಾನ ತಿರುಗಿ ಹೋತು.” ಬಸ್ಸು ಘಟಪ್ರಭೆ ದಾಟುತ್ತಿತ್ತು. “ಚಪ್ಪಾಳಿ ನಿಂತ ಮ್ಯಾಲ ಒಂದ್ ಗಳಿಗಿ ಎಲ್ಲಾ ಸುಮ್ಮನಾಗತೈತಲ್ಲ, ಆಗ ಆ ಕುರಿ ಒದರತೈತಿ. ನನಗಷ್ಟ ಕೇಳತೈತಿ.”

ಈ ವರ್ಷದ ಉಪನ್ಯಾಸ ಬರುವ ಸೋಮವಾರವಿತ್ತು. “ಈ ಸಲ ಹೇಳಿಬಿಡ್ತೀನಿ,” ಎಂದು ಮೊನ್ನೆ ಹಾಸಿಗೆ ಸುತ್ತಿಡುತ್ತ ಅಂದಿದ್ದ. “ಮೊದಲ ಅಪ್ಪನ ಮುಂದ ಹೇಳಬೇಕು.”

ಹೇಳಿರಲಿಲ್ಲ.

*

ಮಸಗುಪ್ಪಿಯ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಯಲ್ಲೇಶನನ್ನು ಅದರಲ್ಲಿ ಕೂರಿಸಿದ ಮೇಲೆ ಡೊಳ್ಳು ನಿಂತಿತು. ಕಾಲೇಜಿನ ಪ್ರಾಚಾರ್ಯ ಬಸವಲಿಂಗ ಮುಂದೆ ಬಂದು, “ಮಣ್ಣು ಕೊಡೂಕಿಂತ ಮೊದಲ ತಂದೆಯವರು ಎರಡು ಮಾತು ಆಡಲಿ,” ಎಂದರು. ಹುಡುಗರು ಮೊಬೈಲ್ ಎತ್ತಿ ಹಿಡಿದರು.

ಕಲ್ಲಪ್ಪ ಕುಣಿಯ ಅಂಚಿಗೆ ಬಂದ.

“ನಾ ಕುರಿ ಕೊಡಲಿಲ್ರಿ. ಕಿವಿ ಕೊಯ್ದು ಇಟಗೊಂಡ್ನಿ. ನನ್ನ ಕೂಸಿನ ಕಡಿಂದ ಕಾಲು ಹಿಡಿಸಿದ್ನಿ. ಯಾರರ ಕೇಳಿದ್ರ ಇಲ್ಲ ಅನ್ನು ಅಂತ ನಾನ ಕಲಿಸಿದ್ನಿ.”

ಜನ ಲೊಚಗುಟ್ಟಿದರು. “ಯಣ್ಣಾ, ಸಾಕ ಸುಮ್ಮನಿರು,” ರಾಯವ್ವ ಅವನ ರಟ್ಟೆ ಹಿಡಿದಳು. “ದುಃಖ ನೆತ್ತಿಗೇರೈತಿ ಇವಗ.”

ಬಸವಲಿಂಗರ ಕಣ್ಣು ಒದ್ದೆಯಾಗಿತ್ತು. “ನೋಡ್ರಿ ಮಕ್ಕಳ, ದೊಡ್ಡವರು ಹಿಂಗ. ತಮ್ಮ ಒಳ್ಳೇತನ ತಾವು ಒಪ್ಪಂಗಿಲ್ಲ.”

“ಖರೇರಿ! ಖರೇ ಹೇಳಾಕತ್ತೀನಿ!” ಮುದುಕ ಒಬ್ಬೊಬ್ಬರ ಮುಖ ನೋಡಿದ. ಯಾರೋ ಅವನಿಗೆ ನೀರಿನ ತಂಬಿಗೆ ಕೊಟ್ಟರು.

ಮಣ್ಣು ಕೊಡುವ ಸಾಲು ಹೊರಟಿತು. ಮೊದಲು ನಿಂತವಳು ಐಶ್ವರ್ಯ. ಮುಷ್ಟಿ ತುಂಬಿಕೊಂಡು ಕುಣಿಯ ಮೇಲೆ ಕೈ ಚಾಚಿ, ಕಸ್ತೂರಿಯ ಕಡೆ ತಿರುಗಿದಳು.

“ಮೇಡಂ, ಸರ್ ಹೇಳಿದ್ದ ಖರೆ ಹೌದಲ್ರಿ? ನೀವೊಂದ್ ಮಾತ ಹೇಳ್ರಿ, ಅಜ್ಜಾರಿಗೆ ಸಮಾಧಾನ ಆಗತೈತಿ.”

ಹೌದು ಅಂದರೆ ಸಾಕಿತ್ತು. ಯಲ್ಲೇಶ ಬೇವಿನ ಮರದಲ್ಲಿ ನಗುತ್ತ ಉಳಿಯುತ್ತಿದ್ದ, ಮುದುಕ ತಲೆಕೆಟ್ಟವನಾಗಿ ಉಳಿಯುತ್ತಿದ್ದ. ಕಸ್ತೂರಿಗೆ ತನ್ನ ನಾಲಿಗೆ ಬೇರೆ ಯಾರದೋ ಅನ್ನಿಸಿತು.

“ಮಾವಾರು ಹೇಳಿದ್ದ ಖರೆ,” ಅಂದಳು. “ನನಗ ನಿಮ್ಮ ಸರ್ ತಾವ ಹೇಳಿದ್ರು. ಸೋಮವಾರ ನಿಮಗೂ ಹೇಳಾವರಿದ್ರು.”

ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಕಲ್ಲಪ್ಪ ತಂಬಿಗೆ ಹಿಡಿದುಕೊಂಡೇ ನೆಲಕ್ಕೆ ಕುಕ್ಕರಿಸಿದ.

ಐಶ್ವರ್ಯ ಮುಷ್ಟಿ ಬಿಚ್ಚಲಿಲ್ಲ, ಕೈ ಹಿಂದಕ್ಕೂ ತೆಗೆಯಲಿಲ್ಲ. ಅವಳ ಹಿಂದೆ ಸಾಲು ನಿಂತಿತ್ತು. ಬೆರಳ ಸಂದಿಯಿಂದ ಕರಿಮಣ್ಣು ಸಣ್ಣಗೆ ಕಂಬಳಿಯ ಮೇಲೆ ಸೋರುತ್ತಿತ್ತು.