ಔಟಾದ ಮೇಲೆ

ಆಟ ಬಿಟ್ಟ ಮೂರನೆಯ ವಾರ ನನ್ನ ಅಂಗಾಲಿನ ಚರ್ಮ ಸುಲಿಯತೊಡಗಿತು. ಒಂಬತ್ತನೆಯ ವಯಸ್ಸಿನಿಂದ ಬರಿಗಾಲಲ್ಲಿ ಖೊ-ಖೊ ಆಡಿದ ಪಾದಗಳವು. ಮುಳ್ಳು ತುಳಿದರೆ ಮುಳ್ಳೇ ಮುರಿಯುವಷ್ಟು ಗಟ್ಟಿಯಾಗಿದ್ದವು. ಹಾಸ್ಟೆಲಿನ ಕಿಟಕಿಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿದ್ದ ಆ ಚರ್ಮವನ್ನು ಬೆರಳಿನಿಂದ ಎಳೆದು ತೆಗೆಯುತ್ತಿದ್ದಾಗ ನನಗೆ ಇಪ್ಪತ್ತು ವರ್ಷ. ಆ ವಯಸ್ಸಿಗೇ ನಾನು ನಿವೃತ್ತಳಾಗಿದ್ದೆ.

“ಇನ್ನೇನು, ಒಂದು ಕೋಲು, ಒಂದು ಕನ್ನಡಕ ತಗೊಂಡು ಕಟ್ಟಿ ಮ್ಯಾಲೆ ಕುಂಡ್ರು,” ಎಂದು ನನ್ನ ಕೋಣೆಯ ಜೊತೆಗಾತಿ ಮೆಹರುನ್ನಿ ನಗುತ್ತಿದ್ದಳು.

ಮೊದಮೊದಲು ನಸುಕಿನ ಐದಕ್ಕೇ ಎಚ್ಚರವಾಗುತ್ತಿತ್ತು. ನಾನು ಆಟ ಬಿಟ್ಟ ಸುದ್ದಿ ದೇಹಕ್ಕೆ ಇನ್ನೂ ಮುಟ್ಟಿರಲಿಲ್ಲ. ಆಮೇಲೆ ಅದಕ್ಕೂ ತಿಳಿಯಿತು. ಬಿಸಿಲು ಗೋಡೆಯ ಮೇಲೆ ಮೊಳದಷ್ಟು ಇಳಿಯುವವರೆಗೆ ಮಲಗುವುದನ್ನು ಕಲಿತೆ. ಹಸಿವಾದಾಗ ಉಂಡೆ, ಬೇಕೆನಿಸಿದಷ್ಟು ಉಂಡೆ. ಭುಜದ ಮೇಲಕ್ಕೆ ಕತ್ತರಿಸುತ್ತಿದ್ದ ಕೂದಲನ್ನು ಬೆಳೆಯಲು ಬಿಟ್ಟೆ. ಸಂಜೆ ಮೆಹರುನ್ನಿಯ ಜೊತೆ ಪೇಟೆಗೆ ಹೋಗಿ ಬಳೆಯಂಗಡಿಗಳ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ. ಆ ಊರಿನಲ್ಲಿ ಎರಡು ವರ್ಷ ಇದ್ದೂ ಸಂಜೆಯ ಪೇಟೆಯನ್ನು ನಾನು ನೋಡಿರಲಿಲ್ಲ, ಸಂಜೆಗಳೆಲ್ಲ ಮೈದಾನದವಾಗಿದ್ದವು. ಬದುಕು ಇಷ್ಟು ಅಗಲವಾಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಈ ಸುಖಕ್ಕೆ ಒಂದೇ ತೊಡಕಿತ್ತು. ಕೋಣೆಯ ಹೊರಗೆ ನಾನು ಕುಂಟಬೇಕಾಗಿತ್ತು.

ವಿಶ್ವವಿದ್ಯಾಲಯ ಮಟ್ಟದ ಪಂದ್ಯಾವಳಿಯ ಕೊನೆಯ ಆಟದಲ್ಲಿ ಎಡ ಮೊಣಕಾಲಿಗೆ ಪೆಟ್ಟಾಗಿ ನಾನು ಆಟ ಬಿಡಬೇಕಾಯಿತೆಂದು ಇಡೀ ಕಾಲೇಜು ನಂಬಿತ್ತು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಆಟಗಾರ್ತಿಯೆಂದು ನನಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತು. ಗಾಯಗೊಂಡವಳನ್ನು ವರ್ಷದ ನಡುವೆ ಯಾರೂ ಹೊರಹಾಕುವುದಿಲ್ಲ. ಆಡಲು ಮನಸ್ಸಿಲ್ಲವೆಂದು ಆಟ ಬಿಟ್ಟವಳಾದರೆ ಮರುದಿನವೇ ಟ್ರಂಕು ಹೊರಬೇಕು. ಒಂದೇ ಕೋಣೆಯಲ್ಲಿದ್ದ ಮೆಹರುನ್ನಿಗೆ ನನ್ನ ಕಾಲಿನ ಗುಟ್ಟು ಗೊತ್ತಿತ್ತು. ನಾನು ಕುಂಟುವುದನ್ನು ಮರೆತಾಗಲೆಲ್ಲ ಅವಳು ಹಿಂದಿನಿಂದ ಕೆಮ್ಮುತ್ತಿದ್ದಳು.

ನಮ್ಮ ದೈಹಿಕ ಶಿಕ್ಷಣದ ಗದಿಗೆಪ್ಪ ಸರ್ ಪ್ರತಿ ಭಾನುವಾರ ಹಾಸ್ಟೆಲಿನ ಗೇಟಿಗೆ ಬರುತ್ತಿದ್ದರು. ಎತ್ತರದ, ಮಾತು ಕಡಿಮೆಯ ಮನುಷ್ಯ. ಕೊರಳಲ್ಲಿ ಸೀಟಿಯಿಲ್ಲದೆ ಅವರನ್ನು ಕಂಡವರಿಲ್ಲ. ಯಾವುದೋ ಹಳ್ಳಿಯ ಎಲುಬು ಕಟ್ಟುವವರಿಂದ ತಂದ ಹಸಿರು ಎಣ್ಣೆಯ ಬಾಟಲಿಯನ್ನು ನನ್ನ ಕೈಗಿಟ್ಟು, “ಹೆಂಗೈತವ್ವಾ ಕಾಲು?” ಎನ್ನುತ್ತಿದ್ದರು.

“ಅಷ್ಟಷ್ಟ ಆಗಾಕತ್ತೈತ್ರಿ ಸರ್.”

“ಆಗಲಿ. ಅವಸರ ಮಾಡಬ್ಯಾಡ.”

ಅವರು ತಿರುಗಿ ಹೋಗುವಾಗ ಆ ಬೆನ್ನನ್ನು ನೋಡಲು ನನಗಾಗುತ್ತಿರಲಿಲ್ಲ. ಎಣ್ಣೆಯನ್ನು ಮೆಹರುನ್ನಿ ಕಿರುಗುಟ್ಟುವ ಬಾಗಿಲ ತಿರುಗಣಿಗೆ ಹಚ್ಚಿದಳು. ಒಳ್ಳೆಯ ಎಣ್ಣೆ, ಬಾಗಿಲು ಮತ್ತೆ ಸದ್ದು ಮಾಡಲಿಲ್ಲ.

ನನ್ನ ಜಾಗಕ್ಕೆ ದ್ಯಾಮವ್ವ ಬಂದಿದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು, ಸಣಕಲು ದೇಹ, ಜಿಂಕೆಯಂಥ ಕಾಲು. ಒಂದು ದಿನ ಅವಳು ಹಾಸ್ಟೆಲಿಗೇ ಬಂದು ಬಾಗಿಲಲ್ಲಿ ನಿಂತಳು. “ಅಕ್ಕಾರ, ಕಂಬದ ಹತ್ರ ನೀವು ಹೊಳ್ಳತಿದ್ರಲ್ಲ, ಅದು ನನಗ ಬರವಲ್ದು. ನೀವು ಓಡಬ್ಯಾಡ್ರಿ. ಕುಂತು ಹೇಳ್ರಿ ಸಾಕು.”

ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಸಂಜೆ ಮೈದಾನದಂಚಿನ ಕಲ್ಲಿನ ಮೇಲೆ ಕೂತು ಬಾಯಿಮಾತಿನಲ್ಲೇ ಕಲಿಸತೊಡಗಿದೆ. ಬೆನ್ನಟ್ಟಿ ಬರುವವಳು ಹತ್ತಿರವಾದಾಗ ಕಂಬದ ಒಂದು ಬದಿಗೆ ಭುಜ ತೋರಿಸಬೇಕು. ಅವಳು ಅದನ್ನು ನಂಬಿದ ಕ್ಷಣ ಇನ್ನೊಂದು ಬದಿಗೆ ಹೊರಳಬೇಕು. ಹೇಳಲು ಒಂದು ಸಾಲು. ದ್ಯಾಮವ್ವ ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದಳು. ಭುಜಕ್ಕಿಂತ ಮೊದಲೇ ಅವಳ ಕಣ್ಣು ನಿಜವಾದ ದಿಕ್ಕಿಗೆ ಹೋಗಿಬಿಡುತ್ತಿತ್ತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅವಳು ಏಳನೆಯ ಬಾರಿ ಸಿಕ್ಕಾಗ ನನಗೆ ತಡೆಯಲಾಗಲಿಲ್ಲ. “ಹಂಗಲ್ಲಬೇ, ಹಿಂಗ!” ಎಂದವಳೇ ಕಲ್ಲಿನಿಂದ ಜಿಗಿದು ಓಡಿದೆ. ಎಡಗಾಲ ಮೇಲೆಯೇ ಇಡೀ ಭಾರ ಹಾಕಿ ಕಂಬದ ಬಳಿ ಗರ್ರನೆ ಹೊರಳಿದೆ. ಬೆನ್ನಟ್ಟಿದ ಹುಡುಗಿ ಇನ್ನೊಂದು ಬದಿಗೆ ಬರಿಗಾಳಿಯನ್ನು ಹಿಡಿಯುತ್ತಾ ಬಿದ್ದಳು. ಮೆತ್ತಗಾಗಿದ್ದ ಅಂಗಾಲಿಗೆ ಹರಳು ಚುಚ್ಚಿ ಉರಿಯಿತು. ಆಗ ನನಗೆ ಎಚ್ಚರವಾಯಿತು.

ಸಾಲಿನಲ್ಲಿ ಕೂತಿದ್ದ ಎಂಟೂ ಹುಡುಗಿಯರು ನನ್ನ ಕಾಲನ್ನೇ ನೋಡುತ್ತಿದ್ದರು.

“ಅಕ್ಕಾರ, ನಿಮ್ಮ ಕಾಲು!” ಎಂದಳು ದ್ಯಾಮವ್ವ. ಅವಳ ದನಿಯಲ್ಲಿ ಸಂತೋಷವೇ ಇತ್ತು, ನೆಟ್ಟಗಾಗಿದೆಯೆಂದು ತಿಳಿದಿದ್ದಳು.

ಗದಿಗೆಪ್ಪ ಸರ್ ಸೀಟಿ ಊದಿದರು. “ಎಲ್ಲಾರೂ ಹೋಗಿ ನೀರು ಕುಡದು ಬರ್ರಿ.”

ಹುಡುಗಿಯರು ಹೋದರು. ನಾನು ಕಂಬ ಹಿಡಿದು ನಿಂತೇ ಇದ್ದೆ. “ಸರ್, ನಾ ಸುಳ್ಳು ಹೇಳಿದ್ದೆ,” ಎಂದೆ.

“ನೀ ಎಲ್ಲಿ ಹೇಳಿದ್ಯವ್ವಾ? ಮೊಣಕಾಲೇನು ಅಂತ ಕೇಳಿದಾಂವ ನಾನು. ನೀ ಹೂಂ ಅಂದಿ, ಅಷ್ಟ.”

ನಿಜ. ಹಾಗೆಯೇ ಆಗಿತ್ತು. ಕೊನೆಯ ಆಟದಲ್ಲಿ ನಮ್ಮ ಕಡೆ ಓಡುತ್ತಾ ಉಳಿದಿದ್ದವಳು ನಾನೊಬ್ಬಳೇ. ಎದುರಾಳಿಗಳಿಗೆ ಇನ್ನೊಂದೇ ಅಂಕ ಬೇಕಿತ್ತು. ಹನ್ನೆರಡು ಸೆಕೆಂಡು ಬಾಕಿಯಿತ್ತು. ಕಂಬದ ಬಳಿ ಬಂದಾಗ ಯಾವ ಕಡೆ ಹೊರಳಬೇಕೆಂಬುದು ಕಾಲಿಗೆ ಗೊತ್ತಿತ್ತು. ನಾನು ಹೊರಳಲಿಲ್ಲ. ಗೆದ್ದರೆ ಮುಂದಿನ ಪಂದ್ಯಾವಳಿ, ಅದರಾಚೆ ಇನ್ನೊಂದು, ಮತ್ತೆ ನಸುಕಿನ ಐದು ಗಂಟೆ. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿ, ಯಾರಾದರೂ ನನ್ನನ್ನು ಮುಟ್ಟಿಬಿಡಲಿ ಎನಿಸಿತು. ಬೆನ್ನ ಮೇಲೆ ಕೈ ಬಿತ್ತು. ಇಬ್ಬರೂ ಉರುಳಿದೆವು. ಓಡಿ ಬಂದ ಸರ್, ಎಲ್ಲರಿಗೂ ಕೇಳುವಂತೆ, “ಮೊಣಕಾಲೇನು?” ಎಂದಿದ್ದರು.

“ಹಂಗಾದ್ರ ನಿಮಗ ಅವತ್ತ ಗೊತ್ತಿತ್ತಾ?”

“ಮೂವತ್ತು ವರ್ಷ ಹುಡುಗ್ಯಾರು ಔಟಾಗೋದು ನೋಡೀನಿ. ಸಿಗೋ ಹೊತ್ತಿಗೆ ಎಲ್ಲಾರೂ ಹಿಂದ ಹೊಳ್ಳಿ ನೋಡ್ತಾರ. ನೀ ನೋಡಲಿಲ್ಲ. ತಮ್ಮೂರು ಬಂತಂತ ಬಸ್ಸಿನ್ಯಾಗ ಎದ್ದು ನಿಂತವರ ಮುಖ ಇರ್ತದಲ್ಲ, ಹಂಗಿತ್ತು ನಿಂದು.” ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. “ನನಗೂ ಸಿಟ್ಟು ಬಂತು. ಬರಲಿಲ್ಲ ಅಂದ್ರ ಸುಳ್ಳಾಗ್ತದ. ಆದ್ರ ಪರೀಕ್ಷಾ ಎರಡು ತಿಂಗಳಿತ್ತು. ಸಾಕಾತು ಅಂತ ಅಲ್ಲೇ ಎಲ್ಲರ ಮುಂದ ಅಂದಿದ್ರ ನೀ ಎಲ್ಲಿಗೆ ಹೋಗ್ತಿದ್ದಿ?”

“ಮತ್ತ ಆ ಎಣ್ಣಿ?”

“ಎಣ್ಣಿ ಕೊಡದಿದ್ರ ಮಂದಿ ನಂಬತಿದ್ರೇನು?”

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸರ್ ನಗಲಿಲ್ಲ. “ನನ್ನ ಲೆಕ್ಕ ಬಿಡು. ಆ ಹುಡುಗಿಗೆ ಏನು ಹೇಳ್ತಿ ನೋಡು,” ಎಂದು ನೀರಿನ ನಲ್ಲಿಯ ಕಡೆ ಕಣ್ಣು ಮಾಡಿದರು.

ಆ ಪಂದ್ಯಾವಳಿಯಲ್ಲಿ ದ್ಯಾಮವ್ವ ಹೆಚ್ಚುವರಿ ಆಟಗಾರ್ತಿಯಾಗಿ ಬಂದಿದ್ದಳು. ಮರಳುವಾಗ ಬಸ್ಸಿನಲ್ಲಿ ನನ್ನ ಎಡಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ನಲ್ಲಿಯ ಬಳಿ ಹೋಗಿ ಎಲ್ಲವನ್ನೂ ಹೇಳಿದೆ; ಕಾಲಿನದನ್ನು ಮಾತ್ರವಲ್ಲ, ಕಂಬದ ಬಳಿ ಹೊರಳದೆ ನಿಂತದ್ದನ್ನೂ ಹೇಳಿದೆ. ಅವಳು ಮುಖದ ನೀರನ್ನು ಒರೆಸಿಕೊಳ್ಳದೆ ಕೇಳಿಸಿಕೊಂಡಳು.

“ಆ ಕಾಲು ನನ್ನ ತೊಡಿ ಮ್ಯಾಲೆ ನಾಕು ತಾಸು ಇತ್ತು,” ಎಂದಳು. “ಜೋಮು ಹಿಡದ್ರೂ ನಾ ಅಲುಗಾಡಲಿಲ್ಲ. ನಿಮಗ ನೋವಾಗ್ತದಂತ.”

ಅಷ್ಟು ಹೇಳಿ ಹೊರಟುಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಎಂಟು ದಿನ ನಾನು ಮೈದಾನದ ಕಡೆ ಹೋಗಲಿಲ್ಲ. ಆ ಎಂಟು ದಿನಗಳಲ್ಲಿ ಮಾಡಿದ ಕೆಲಸವೊಂದೇ: ಪರೀಕ್ಷೆ ಮುಗಿದ ಕೂಡಲೇ ಜಾಗ ಬಿಟ್ಟುಕೊಡುತ್ತೇನೆಂದು ವಾರ್ಡನ್ನರಿಗೆ ಕಾಗದ ಬರೆದುಕೊಟ್ಟು, ಕೋಣೆಯಿಂದ ಗೇಟಿನವರೆಗೆ ನೆಟ್ಟಗೆ ನಡೆದು ಬಂದೆ. ಮೆಹರುನ್ನಿ ಅಭ್ಯಾಸಬಲದಿಂದ ಕೆಮ್ಮಿದಳು. ಕಾರಣ ತಿಳಿದ ಮೇಲೆ, “ನಮ್ಮ ಖಾಲಾನ ಮನಿ ಮ್ಯಾಲೊಂದು ಖೋಲಿ ಐತಿ. ಇಬ್ರೂ ಅಲ್ಲೇ ಇರೂಣು,” ಎಂದಳು. ಮುಂದಿನ ವರ್ಷವೆಲ್ಲ ಅವಳ ಚಿಕ್ಕಮ್ಮನ ಆ ಮಾಳಿಗೆಯ ಕೋಣೆಯಲ್ಲಿ ಕಳೆಯಿತು. ನನ್ನ ಬದುಕಿನ ಅತ್ಯಂತ ನಿಶ್ಚಿಂತ ವರ್ಷವದು.

ಒಂಬತ್ತನೆಯ ದಿನ ದ್ಯಾಮವ್ವ ಬಂದಳು. ಒಳಗೆ ಬಾರದೆ ಹೊಸಿಲಾಚೆಯೇ ನಿಂತಳು. “ಭುಜ ತೋರಸೂದು ತಿಳೀತು. ಕಣ್ಣು ಎಲ್ಲಿ ಇಡಬೇಕು ಅನ್ನೂದು ತಿಳೀಲಿಲ್ಲ. ಇನ್ನೊಮ್ಮೆ ಬಂದು ತೋರಸ್ರಿ.” ನಾನು ಎದ್ದು ನಿಂತೆ. “ಸಿಟ್ಟು ಇನ್ನೂ ಹೋಗಿಲ್ಲ,” ಎಂದು ಸೇರಿಸಿದಳು. “ಅದು ಬ್ಯಾರೆ.”

ಆ ಬೇಸಿಗೆಯಿಡೀ ಕಲಿಸಿದೆ. ಯಾವತ್ತೋ ಒಂದು ದಿನ, ನನಗೆ ಹೇಳದೆಯೇ, ಅವಳ ಸಿಟ್ಟೂ ಹೋಯಿತು.

ಮರುವರ್ಷದ ಪಂದ್ಯಾವಳಿ ನಮ್ಮ ಕಾಲೇಜಿನ ಊರಲ್ಲೇ ನಡೆಯಿತು. ಕೊನೆಯ ಆಟದ ದಿನ ನಾನು ಮೊದಲ ಬಾರಿಗೆ ನೋಡುವವರ ನಡುವೆ ಕೂತೆ. ಅಷ್ಟು ವರ್ಷ ಆಡಿಯೂ ಆಟವನ್ನು ನಾನು ಇಡಿಯಾಗಿ ಕಂಡೇ ಇರಲಿಲ್ಲ. ಒಳಗಿದ್ದವಳಿಗೆ ಕಾಣುತ್ತಿದ್ದುದು ಬೆನ್ನು, ಕೈ, ಧೂಳು, ಕಂಬ. ಇಲ್ಲಿಂದ ನೋಡಿದರೆ ಒಬ್ಬಳು ಅತ್ತ, ಒಬ್ಬಳು ಇತ್ತ ಮುಖಮಾಡಿ ಕೂತ ಸಾಲು, ಅದರ ನಡುವೆ ನೂಲಿನ ಹಾಗೆ ಹೊಕ್ಕು ಹೊರಬರುವ ದ್ಯಾಮವ್ವ. ಕೊನೆಯ ನಿಮಿಷದಲ್ಲಿ ಅವಳು ಕಂಬದ ಬಳಿ ಭುಜ ತೋರಿಸಿದಳು. ನನಗೆ ಗೊತ್ತಿದ್ದೂ ನಾನೂ ಮೋಸಹೋದೆ. ಅವಳು ಸಿಗಲಿಲ್ಲ. ಸೀಟಿ ಮೊಳಗಿತು, ನಮ್ಮವರು ಎರಡು ಅಂಕಗಳಿಂದ ಗೆದ್ದಿದ್ದರು.

ಮೈದಾನದ ತುಂಬ ಕೂಗಾಟ. ಪಕ್ಕದಲ್ಲಿ ಕೂತಿದ್ದ, ಗುರುತಿಲ್ಲದ ಹೆಂಗಸೊಬ್ಬರು ನಾನು ಚಪ್ಪಾಳೆ ತಟ್ಟುವುದನ್ನು ನೋಡಿ, “ನಿಮಗೂ ಆಟ ಬರ್ತದೇನವ್ವಾ?” ಎಂದರು.

“ನೋಡಾಕ ಬರ್ತದ್ರಿ,” ಎಂದೆ.

ಅವರು ನಕ್ಕು, ತಮ್ಮ ಸೆರಗಿನ ಗಂಟು ಬಿಚ್ಚಿ ನನ್ನ ಬೊಗಸೆಗೆ ಕುದಿಸಿದ ಶೇಂಗಾ ಸುರಿದರು. ಅವು ಇನ್ನೂ ಬೆಚ್ಚಗಿದ್ದವು.