ಲಕೋಟೆಯಿಲ್ಲದ ಕಾರ್ಡು

ಕಳಿಸಿದ ಆರು ಲಕೋಟೆಗಳೂ ಹೋದ ಹಾಗೇ ಹಿಂದೆ ಬಂದಿದ್ದವು. ಒಂದರ ಅಂಟೂ ಬಿಟ್ಟಿರಲಿಲ್ಲ. ಅಕ್ಕನ ವಿಳಾಸದ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಅಂಚೆಯವನ ಅವಸರದ ಅಕ್ಷರ: ತೆಗೆದುಕೊಳ್ಳಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕುವ ತಂಗಿ, ಬೆರಳಿಗಂಟಿದ ಗೋಂದನ್ನು ಉಜ್ಜಿಕೊಳ್ಳುತ್ತ ಏಳನೆಯ ಸಲ ಕಾರ್ಡಿನಂಗಡಿಯ ಮೆಟ್ಟಿಲು ಹತ್ತಿದಳು.

"ಬಾ ತಾಯಿ," ಎಂದರು ಅಂಗಡಿಯ ಯಜಮಾನರು. "ಮತ್ತೆ ಅಕ್ಕನಿಗೇ ತಾನೆ? ಆಕೆ ಮೊದಲನೇದಕ್ಕೇ ಉತ್ತರ ಬರೆದುಬಿಟ್ಟಿದ್ರೆ ನನ್ನ ವ್ಯಾಪಾರಕ್ಕೆ ಕಲ್ಲು ಬೀಳ್ತಿತ್ತು ನೋಡು."

ಅವಳು ನಕ್ಕಳು. ಆ ಅಂಗಡಿಯಲ್ಲಿ ಅವಳ ನಗು ಸಲೀಸಾಗಿ ಬರುತ್ತಿತ್ತು.

ಯಜಮಾನರು ಗಾಜಿನ ಮೇಜಿನ ಮೇಲೆ ಒಂದೊಂದೇ ಹರವಿದರು. ಮೊದಲನೆಯದು ಮಿರಮಿರ ಮಿಂಚುವ ಕಾರ್ಡು. ಅದರ ಮೇಲೆ ಶಾಯಿ ನಿಂತೀತೇ ಹೊರತು ಇಳಿಯದು. ಇನ್ನೊಂದರ ತುಂಬ ಗುಲಾಬಿ, ಒಳಗೆ ಯಾರೋ ಬರೆದಿಟ್ಟ ನಾಲ್ಕು ಸಾಲು. "ಇದರಲ್ಲಿ ಎಲ್ಲಾ ಅವರೇ ಹೇಳಿಬಿಟ್ಟಿದಾರೆ. ನಾನು ಬರೀ ಸಹಿ ಹಾಕ್ಲಾ?" ಎಂದು ಪಕ್ಕಕ್ಕಿಟ್ಟಳು. ಕೊನೆಗೆ ಕೆಳಗಿನ ಖಾನೆಯಿಂದ, ಮೆತ್ತನೆ ಕಾಗದದಲ್ಲಿ ಸುತ್ತಿಟ್ಟಿದ್ದ ಹತ್ತಿ ನಾರಿನ ಕಾಗದದ ಕಾರ್ಡು ಬಂತು. ಹಾಲಿನ ಕೆನೆಯ ಬಣ್ಣ, ಕೈಯಲ್ಲಿ ಹರಿದಂಥ ಅಂಚು. ರಟ್ಟು ಕಟ್ಟುತ್ತಿದ್ದ ಅಪ್ಪ ಕಲಿಸಿದ್ದಂತೆ ಅವಳು ಅದನ್ನು ಕಿವಿಯ ಬಳಿ ಹಿಡಿದು ತಟ್ಟಿದಳು. ಬಾಗಿಸಿ ಬಿಟ್ಟಳು. ಮೆಲ್ಲಗೆ, ನಿದ್ದೆಯಿಂದ ಏಳುವವರ ಹಾಗೆ, ಅದು ನೆಟ್ಟಗಾಯಿತು.

"ಅದೊಂದು ಮುಟ್ಟಿದರೆ ಮುನಿ," ಯಜಮಾನರು ಎಚ್ಚರಿಸಿದರು. "ಉಗುರು ತಾಗಿದ್ರೂ ಗೆರೆ ಬೀಳುತ್ತೆ. ಅಂಚೇಲಿ ಹೋದ್ರೆ ಅದರ ಗತಿ ಮುಗೀತು."

"ಇದೇ ಇರಲಿ. ಲಕೋಟೆ ಬೇಡ."

"ಬೀಗ ತಗೊಂಡು ಕೀಲಿ ಬೇಡ ಅಂದ ಹಾಗಾಯ್ತಲ್ಲಮ್ಮ. ದಾರೀಲಿ ಸಿಕ್ಕೋರೆಲ್ಲ ಓದ್ತಾರೆ."

"ಓದ್ಕೊಳ್ಳಲಿ. ಬೇಡ ಅನ್ನೋಕಾದ್ರೂ ಅವಳು ಒಂದ್ಸಲ ನೋಡ್ಬೇಕಲ್ಲ, ಯಜಮಾನ್ರೇ."

ಯಜಮಾನರು ಕನ್ನಡಕ ಮೇಲೇರಿಸಿ ಅವಳನ್ನು ನೋಡಿದರು. ಕಾರ್ಡನ್ನು ಮತ್ತೆ ಮೆತ್ತನೆ ಕಾಗದದಲ್ಲಿ ಸುತ್ತಿಕೊಟ್ಟರು.

ಒಂಬತ್ತು ವರ್ಷದ ಹಿಂದೆ ಒಂದು ದಿನ, ಹಾಸಿಗೆ ಹಿಡಿದಿದ್ದ ಅಮ್ಮನ ಉಸಿರು ಬೆಳಗ್ಗೆಯೇ ಏರುಪೇರಾಗಿತ್ತು. ಹಾಗೆ ಎಷ್ಟೋ ಸಲ ಆಗಿತ್ತು. ಅಕ್ಕ ಬೇರೆ ಊರಿನಿಂದ ಬಂದು ಹೋಗಿ ವಾರವಾಗಿತ್ತಷ್ಟೆ. ಸಂಜೆಯವರೆಗೆ ನೋಡಿ ಫೋನ್ ಮಾಡಿದರಾಯಿತು ಎಂದುಕೊಂಡಳು ತಂಗಿ. ಅಮ್ಮ ಮಧ್ಯಾಹ್ನವೇ ಹೊರಟುಹೋದಳು. ಓಡಿ ಬಂದ ಅಕ್ಕ ಹೊಸ್ತಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು: "ನನ್ನ ಕೇಳಿದ್ಲಾ?" "ಇಲ್ಲಕ್ಕ, ನಿದ್ದೇಲೇ ಹೋದ್ಲು," ಎಂದಿದ್ದಳು ತಂಗಿ. ಫೋನ್ ಮಾಡದ್ದಕ್ಕೇ ಅಕ್ಕ ಮಾತು ಬಿಟ್ಟಳು. ಆ ಸುಳ್ಳು ಮಾತ್ರ ತಂಗಿಯ ಹೊಟ್ಟೆಯಲ್ಲೇ ಉಳಿಯಿತು.

ಅಜ್ಜಿಯ ಕತೆಯೊಂದರಲ್ಲಿ ಕಲ್ಲಾಗಿ ನಿಂತ ಅಕ್ಕನೊಬ್ಬಳಿದ್ದಳು. ತಂಗಿ ಏಳು ಬೆಟ್ಟ ದಾಟಿ ಹೋಗಿ ಅವಳ ಕಿವಿಯಲ್ಲಿ ಮುಚ್ಚಿಟ್ಟ ನಿಜವನ್ನು ಹೇಳಿದ ಕೂಡಲೇ ಕಲ್ಲಿಗೆ ಬೆವರೊಡೆದು ಜೀವ ಬರುತ್ತಿತ್ತು. ಒಂದೇ ಹೊದಿಕೆಯೊಳಗೆ ಅಕ್ಕ ತಂಗಿ ಇಬ್ಬರೂ ಆ ಕತೆ ಕೇಳಿದ್ದರು.

ತಂಗಿ ಕಾರ್ಡಿನಲ್ಲಿ ಮೂರೇ ಸಾಲು ಬರೆದಳು. 'ಅಕ್ಕ, ನಾನು ಸುಳ್ಳು ಹೇಳಿದೆ. ಅಮ್ಮ ಬೆಳಗ್ಗೆಯಿಂದ ದೊಡ್ಡವಳು ಬಂದಳಾ ಎಂದು ಕೇಳುತ್ತಲೇ ಇದ್ದಳು. ನಿನಗೆ ಹೇಳಿಕಳಿಸದೆ ಇದ್ದವಳು ನಾನೇ, ಕ್ಷಮಿಸು.' ಹಿಂಬದಿಯಲ್ಲಿ ವಿಳಾಸ ಬರೆದು ಅಂಚೆಗೆ ಹಾಕಿದಳು.

ಹನ್ನೆರಡನೆಯ ದಿನ ಅಂಚೆಯವನು ಕಂದು ಬಣ್ಣದ ಲಕೋಟೆಯೊಂದನ್ನು ಕೊಟ್ಟು ಹೋದ. ಮೇಲಿದ್ದದ್ದು ಅಕ್ಕನ ಅಕ್ಷರ. ತಂಗಿಯ ಕೈಯಲ್ಲಿದ್ದ ಗೋಂದಿನ ಕುಂಚ ಕೆಳಗೆ ಬಿತ್ತು. ಒಂಬತ್ತು ವರ್ಷದ ಮೇಲೆ ಅಕ್ಕ ಅವಳ ವಿಳಾಸ ಬರೆದಿದ್ದಳು. ಕಾಗದ ಕತ್ತರಿಸುವ ಚೂರಿಯಿಂದ ಅಂಚನ್ನು ನವಿರಾಗಿ ಬಿಡಿಸಿದಳು.

ಒಳಗಿದ್ದದ್ದು ಅವಳದೇ ಕಾರ್ಡು. ಲಕೋಟೆಯನ್ನು ಕೊಡವಿದಳು, ಒಳಗೆ ಬೆರಳಾಡಿಸಿದಳು. ಬೇರೇನೂ ಇರಲಿಲ್ಲ.

ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಕಂಡಿತು. ಅಕ್ಷರಗಳ ಅಡಿಯಲ್ಲಿ ಸಣ್ಣ ಗೆರೆ, ನೇಗಿಲ ಸಾಲಿನಂತೆ. ಚಿಕ್ಕಂದಿನಿಂದಲೂ ಅಕ್ಕ ಸಾಲಿನ ಕೆಳಗೆ ಉಗುರು ಎಳೆಯುತ್ತಲೇ ಓದುವವಳು. ಗಿರಾಕಿಗಳ ಪುಸ್ತಕ ಹಾಳು ಮಾಡ್ತೀಯ ಎಂದು ಅಪ್ಪ ಬಯ್ಯುತ್ತಿದ್ದ. ಗೆರೆ ಮೊದಲ ಸಾಲಿನ ಕೆಳಗಿತ್ತು. ಎರಡನೆಯದರಲ್ಲಿ 'ದೊಡ್ಡವಳು' ಎಂಬಲ್ಲಿ ನಿಂತು, ಆಳವಾಗಿ, ಮತ್ತೆ ಮುಂದೆ ಹೋಗಿತ್ತು. 'ಕ್ಷಮಿಸು' ಎಂಬುದರ ಕೊನೆಯವರೆಗೂ ಬಂದಿತ್ತು.

ಇಷ್ಟು ದಿನ ಅಕ್ಕ ಓದಿಲ್ಲ ಎಂಬುದೊಂದು ಆಸರೆಯಿತ್ತು. ಓದಿದರೆ ಕರಗಿಯಾಳು ಎಂದು ಕಾಯಬಹುದಿತ್ತು. ಕತೆಯಲ್ಲಿ ಅಕ್ಕ ಕೇಳಿಸಿಕೊಂಡೂ ಕಲ್ಲಾಗಿಯೇ ಉಳಿದರೆ ಮುಂದೇನು ಎಂದು ಇಬ್ಬರಲ್ಲಿ ಒಬ್ಬರೂ ಅಜ್ಜಿಯನ್ನು ಕೇಳಿರಲಿಲ್ಲ.

ಮರುದಿನ ಅಂಗಡಿಯ ಮುಂದೆ ಹಾದುಹೋಗುವಾಗ ಯಜಮಾನರು ಬಾಗಿಲಿಗೇ ಬಂದರು.

"ಏನಾಯ್ತು ತಾಯಿ? ಓದಿದ್ರಾ?"

"ಓದಿದ್ಲು."

"ಸದ್ಯ, ಗೆದ್ದೆ ಬಿಡು. ಹೊಸ ಕಾರ್ಡು ಬಂದಿದಾವೆ, ನೋಡ್ತೀಯಾ?"

"ಇನ್ನು ಬೇಡ, ಯಜಮಾನ್ರೇ," ಎಂದು ಅವಳು ಗೋಂದಿನ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಕೆಲಸಕ್ಕೆ ಹೋದಳು.